ಹೇಳಿದರೆ ನಿಲ್ಲುವ ಗಾಡಿ

ಗಡಿಯಾರ ರಿಪೇರಿಯವನು ಬೆಳಗ್ಗೆ ಮುಖ ತೊಳೆದು ಬಂದು ಹೇಳಿದ ಮಾತು ಇಷ್ಟೇ: "ಇವತ್ತು ನಾನು ಒಬ್ಬನೇ ಹೋಗಿ ಬರ್ತೀನಿ."

ಅಷ್ಟಕ್ಕೇ ಅಕ್ಕನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. ಆ ಸದ್ದಿಗೆ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕಿಟಕಿಗೆ ಬಂದರು. ಮೇಷ್ಟ್ರು ಕಿಟಕಿಗೆ ಬಂದದ್ದನ್ನು ಕಂಡು ಎದುರಿನ ಬೇಕರಿಯವನು ಒಲೆ ಬಿಟ್ಟು ಓಡಿಬಂದ. ಆ ಬೀದಿಯಲ್ಲಿ ಡಂಗುರ ಸಾರುವ ಕೆಲಸವೇ ಇರಲಿಲ್ಲ, ಒಂದು ಲೋಟ ಬಿದ್ದರೆ ಸಾಕು.

"ಒಬ್ಬನೇ ಅಂದ್ರೆ?" ಅಂದಳು ಅಕ್ಕ.

"ಒಬ್ಬನೇ ಅಂದ್ರೆ ಒಬ್ಬನೇ ಕಣಕ್ಕಾ. ನನ್ನ ಗಾಡಿ, ನಾನು. ಸುಮ್ಮನೆ ಒಂದು ಸುತ್ತು."

ಹರೆಯದಲ್ಲಿ ದೊಡ್ಡ ಗಡಿಯಾರಕ್ಕೆ ಎಣ್ಣೆ ಬಿಡಲು ಹೋಗಿ ಏಣಿಯಿಂದ ಬಿದ್ದವನು ಅವನು. ಅವತ್ತಿನಿಂದ ಗಾಲಿಕುರ್ಚಿಯೇ ಗತಿ. ಕೈ ಮಾತ್ರ ಸೊಳ್ಳೆಯ ಕಾಲಿಗೆ ಗೆಜ್ಜೆ ಕಟ್ಟುವಷ್ಟು ನಾಜೂಕು. ಮೊನ್ನೆ ಒಂದು ಹಳೇ ಲಗೇಜು ಆಟೋ ಅಗ್ಗಕ್ಕೆ ಸಿಕ್ಕಿದಾಗ ಅವನ ಭಾವ, ವೆಲ್ಡಿಂಗ್ ಶಾಪಿನವರು, ತೊಡೆ ತಟ್ಟಿ ನಿಂತುಬಿಟ್ಟರು. ಆಟೋದಲ್ಲಿ ಕ್ಲಚ್ಚು, ಗೇರು, ಆಕ್ಸಿಲೇಟರು ಎಲ್ಲ ಕೈಯಲ್ಲೇ. ಕಾಲಿಗೆ ಇರುವುದು ಬ್ರೇಕು ಮಾತ್ರ. ಹಳೇ ಕಬ್ಬಿಣದ ಮಂಚದ ಕಾಲು ಕತ್ತರಿಸಿ, ಅದಕ್ಕೆ ಸೈಕಲ್ಲಿನ ರಬ್ಬರು ಹಿಡಿ ಸಿಕ್ಕಿಸಿ, ಎಳೆದರೆ ಬ್ರೇಕು ಹಿಡಿಯುವ ಹಾಗೆ ಬೆಸೆದುಕೊಟ್ಟರು. ಬೆನ್ನು ಆನಿಸಿಕೊಳ್ಳಲು ಕ್ಷೌರದಂಗಡಿಯ ಕುರ್ಚಿಯ ಒರಗು, ಸೊಂಟಕ್ಕೆ ಸೂಟ್‌ಕೇಸಿನ ಬೆಲ್ಟು. ಎರಡು ವಾರ ಹಿತ್ತಲಿನ ಬಯಲಿನಲ್ಲಿ ಓಡಿಸಿ ಕೈ ಕುದುರಿತ್ತು.

ಆದರೆ ಸುಮ್ಮನೆ ಸುತ್ತಲು ಅವನಿಗೇನೂ ಹುಚ್ಚು ಹಿಡಿದಿರಲಿಲ್ಲ. ಏರುದಾರಿಯ ಮೇಲೆ ಗುಂಡಿ, ದಾರ, ಜಿಪ್ಪು ಮಾರುವ ಒಂದು ಅಂಗಡಿ. ಅದನ್ನು ನಡೆಸುವಾಕೆಗೆ ಅವನು ಒಂದು ಮಾತು ಹೇಳಬೇಕಿತ್ತು. ಮಾತು ಗಂಟಲಿಗೆ ಬಂದು ವರ್ಷವೇ ಆಗಿತ್ತು. ಹೇಳುವುದು ಹೇಗೆ? ಹೋದಾಗಲೆಲ್ಲ ಕುರ್ಚಿ ತಳ್ಳಲು ಭಾವ, ಕೊಡೆ ಹಿಡಿಯಲು ಅಕ್ಕ, ದಾರಿ ತೋರಿಸಲು ಮೇಷ್ಟ್ರು, ದಾರಿ ಬಿಡಿಸಲು ಬೇಕರಿಯವನು. ಇಷ್ಟು ಜನರ ಮುಂದೆ ಯಾವ ಗಂಡಸು ತಾನೆ ಬಾಯಿ ಬಿಟ್ಟಾನು? "ಒಂದು ಡಜನ್ ಗುಂಡಿ ಕೊಡಿ" ಅಂದು ವಾಪಸು ಬರುತ್ತಿದ್ದ. ಮನೆಯಲ್ಲಿ ಒಂದು ಪಟಾಲಮ್ಮಿನ ಷರಟಿಗೆಲ್ಲ ಆಗುವಷ್ಟು ಗುಂಡಿ ಸೇರಿತ್ತು.

"ನಾನು ಪಕ್ಕದಲ್ಲಿ ಕೂತಿರ್ತೀನಪ್ಪ, ತುಟಿ ಪಿಟಕ್ಕನ್ನಲ್ಲ," ಅಂದರು ಮೇಷ್ಟ್ರು.

"ಮೇಷ್ಟ್ರೇ, ನೀವು ನಿದ್ದೇಲೂ ಪಾಠ ಮಾಡ್ತೀರಿ."

"ನಾನು ಸೈಕಲ್ಲಲ್ಲಿ ಮುಂದೆ ಹೋಗಿ ಕೂಗ್ತಾ ಇರ್ತೀನಿ, ದಾರಿ ಬಿಡಿ, ದಾರಿ ಬಿಡಿ ಅಂತ," ಅಂದ ಬೇಕರಿಯವನು.

"ಹಿಂದಕ್ಕೊಂದು ಹಗ್ಗ ಕಟ್ರೋ. ನಾನು ಹಿಡ್ಕೊಂಡು ನಡೀತೀನಿ," ಅಂದಳು ಅಕ್ಕ.

"ನಾನೇನು ಎತ್ತೇನಕ್ಕಾ?"

ಕೊನೆಗೆ ಎಲ್ಲರೂ ಭಾವನ ಮುಖ ನೋಡಿದರು. ಈ ಮನುಷ್ಯ ಒಪ್ಪುವವರಲ್ಲ, ಗಾಡಿಯ ಮುಂದೆ ಅಡ್ಡ ಮಲಗಿಯಾರು ಅಂತ ಎಲ್ಲರ ಲೆಕ್ಕ. ಭಾವ ಯಾರ ಮುಖವನ್ನೂ ನೋಡದೆ, "ಹೋಗ್ಲಿ ಬಿಡಿ. ಒಬ್ಬನೇ ಹೋಗ್ಲಿ" ಅಂದುಬಿಟ್ಟರು.

ಬೀದಿಗೆ ಬೀದಿಯೇ ಕಕ್ಕಾಬಿಕ್ಕಿ. ಅಕ್ಕ ಗಂಡನ ಹಣೆ ಮುಟ್ಟಿ ಜ್ವರ ನೋಡಿದಳು. ಭಾವ ಗಡಿಯಾರದವನನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಕುರ್ಚಿ ಮಡಚಿ ಹಿಂದಿನ ಸಾಮಾನು ಡಬ್ಬಿಗೆ ಹಾಕಿ, ಟಾರ್ಪಾಲು ಎಳೆದು, "ನನಗೆ ಕೆಲಸ ಐತೆ" ಅಂತ ಹೊರಟುಹೋದರು. ಮೇಷ್ಟ್ರ ಉಪದೇಶ ಮುಗಿಯುವ ಹೊತ್ತಿಗೆ ಗಡಿಯಾರದವನು ಗೇರು ಹಾಕಿ ಹೊರಟೇಬಿಟ್ಟ.

ಆಹಾ! ಎಡಕ್ಕೆ ಹೋಗೋ ಅನ್ನುವವರಿಲ್ಲ, ಬಲಕ್ಕೆ ನೋಡೋ ಅನ್ನುವವರಿಲ್ಲ. ಇಸ್ತ್ರಿ ಷರಟಿನ ಕಾಲರಿಗೆ ಗಾಳಿ ತಾಗಿ ಅವನಿಗೆ ಅರ್ಧ ವಯಸ್ಸೇ ಇಳಿದಂತಾಯಿತು. ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಬೀದಿಯ ಕೊನೆಗೆ ಬಂದ. ಅಲ್ಲಿ ಯಾರೋ ತರಕಾರಿ ತಳ್ಳುಗಾಡಿಯನ್ನು ಅಡ್ಡ ತಂದರು.

ಹಿಡಿ ಎಳೆದ. ಗಾಡಿ ನಿಲ್ಲಲಿಲ್ಲ.

ಇನ್ನೊಮ್ಮೆ ಎಳೆದ. ಹಿಡಿ ಹಾಲು ಹಲ್ಲಿನ ಹಾಗೆ ಅಲ್ಲಾಡಿತೇ ಹೊರತು ಏನೂ ಹಿಡಿಯಲಿಲ್ಲ. "ಅಯ್ಯಯ್ಯೋ, ನಿಲ್ಲೋ!" ಅಂತ ಕಿರುಚಿದ.

ಗಾಡಿ ನಿಂತಿತು. ಟೊಮೇಟೊ ರಾಶಿಗೂ ಗಾಡಿಯ ಮೂಗಿಗೂ ಮಧ್ಯೆ ಒಂದು ಬೆರಳು ತೂರುವಷ್ಟು ಜಾಗ.

ಗಡಿಯಾರದವನು ಬೆವರು ಒರೆಸಿಕೊಂಡ. ಹಿಡಿ ಎಲ್ಲೋ ತಡವಾಗಿ ಹಿಡಿಯಿತೇನೋ ಅಂದುಕೊಂಡ. ವಾಪಸು ಹೋಗೋಣವೇ? ಹೋದರೆ ಇನ್ನು ಜನ್ಮದಲ್ಲಿ ಒಬ್ಬನೇ ಬಿಡುವವರಲ್ಲ. ಮೆಲ್ಲಗೆ ಮುಂದೆ ಬಿಟ್ಟ.

ನಾಲ್ಕು ರಸ್ತೆ ಸೇರುವಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಇವನು ಹಿಡಿಯನ್ನು ಎರಡೂ ಕೈಯಲ್ಲಿ ಎಳೆದ. ಊಹೂಂ. ಪೊಲೀಸಿನವನ ಹೊಟ್ಟೆ ದೊಡ್ಡದಾಗುತ್ತ ಬಂತು. "ನಿಲ್ಲಮ್ಮಾ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ!"

ನಿಂತಿತು. ಪೊಲೀಸಿನವನು ತನ್ನ ಬೂಟಿನ ತುದಿ ನೋಡಿಕೊಂಡ. ಅದರ ಮೇಲೆ ಟಯರಿನ ಧೂಳಿತ್ತು.

"ಯಾರ ಹತ್ರ ಮಾತಾಡ್ತಿದ್ದೀಯಾ?"

"ಗಾಡಿ ಹತ್ರ ಸಾರ್."

"ಅದಕ್ಕೆ ಕಿವಿ ಕೇಳಿಸ್ತದಾ?"

"ಇವತ್ತಿನಿಂದ ಕೇಳಿಸ್ತಾ ಇದೆ ಸಾರ್."

ಪೊಲೀಸಿನವನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು, ದೊಡ್ಡ ಮನುಷ್ಯರಿಗೆ ಬಿಡುವ ಹಾಗೆ ದಾರಿ ಬಿಟ್ಟ.

ಆಮೇಲೆ ಇನ್ನೂ ವಿಚಿತ್ರ. ಸ್ಕೂಲಿನ ಮಕ್ಕಳು ದಾಟುವಾಗ ಇವನು ಬಾಯಿ ತೆರೆಯುವ ಮೊದಲೇ ಗಾಡಿ ನಿಂತಿತು. ಒಂದು ನಾಯಿ ಮಲಗಿದ್ದಲ್ಲಿ ತಾನಾಗಿ ನಿಧಾನ ಮಾಡಿತು. ಗಡಿಯಾರದವನ ಮೈಯೆಲ್ಲ ಮುಳ್ಳೆದ್ದಿತು. ಎಷ್ಟೋ ಯಂತ್ರಗಳ ಹೊಟ್ಟೆ ಬಗೆದು ನೋಡಿದ ಕೈ ಅವನದು, ಇಂಥ ಬುದ್ಧಿವಂತ ಯಂತ್ರವನ್ನು ಕಂಡಿರಲಿಲ್ಲ. ಭಾವನ ಕೈಯಲ್ಲಿ ಇಂಥ ವಿದ್ಯೆ ಇತ್ತೇ? ಹಿಡಿಯ ಗೊಡವೆಯನ್ನೇ ಬಿಟ್ಟು, ಗಾಡಿಗೆ ಬಹುವಚನ ಹಚ್ಚಿದ. "ಸ್ವಲ್ಪ ಇಲ್ಲಿ ನಿಲ್ತೀರಾ? ಹಾಂ, ಸಾಕು, ಹೊರಡೋಣ."

ಹಾಗೆ ಮರ್ಯಾದೆ ಕೊಟ್ಟು ತೆಗೆದುಕೊಂಡು ಏರುದಾರಿ ಹತ್ತಿ ಗುಂಡಿ ಅಂಗಡಿಯ ಮುಂದೆ ನಿಲ್ಲಿಸಿ, ಎಂಜಿನ್ನು ಆರಿಸಿ, ಹಾರ್ನು ಒತ್ತಿದ.

ಆಕೆ ಹೊರಗೆ ಬಂದಳು. ಅತ್ತ ನೋಡಿದಳು, ಇತ್ತ ನೋಡಿದಳು. "ಒಬ್ಬರೇ ಬಂದ್ರಾ? ಎಲ್ಲಿ ನಿಮ್ಮ ದಂಡು?"

"ಇಲ್ಲ. ಒಬ್ಬನೇ. ಒಂದು ನಿಮಿಷ ಬರ್ತೀರಾ?"

ಆಕೆ ಬಂದು ಸೀಟಿನ ಅಂಚಿನಲ್ಲಿ ಕೂತಳು. ಕೈಯಲ್ಲಿ ಅಳತೆಯ ಟೇಪು. ಅದನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಉರು ಹೊಡೆದದ್ದೆಲ್ಲ ಗಾಳಿಗೆ ಹೋಗಿ ಗಡಿಯಾರದವನ ಬಾಯಿಂದ ಬಂದದ್ದು ಇಷ್ಟು: "ನನಗೆ ಗುಂಡಿ ಬೇಕಾಗಿರಲಿಲ್ಲ ರೀ. ಯಾವತ್ತೂ ಬೇಕಾಗಿರಲಿಲ್ಲ. ನೀವು ನನ್ನ ಜೊತೆ ಬಾಳ್ತೀರಾ?"

ಆಕೆಯ ಬೆರಳು ನಿಂತಿತು. ತಲೆ ಬಗ್ಗಿಸಿದಳು. ಕಿವಿಯ ತುದಿ ಕೆಂಪಾಯಿತು. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ. ಆಕೆ ತುಟಿ ತೆರೆದಳು.

"ಬೇಗ ಹೇಳಮ್ಮಾ, ಕೈ ಸೋತು ಹೋಯ್ತು!" ಅಂತು ಗಾಡಿ.

ಆಕೆ ಚಿಟ್ಟನೆ ಚೀರಿದಳು. ಟಾರ್ಪಾಲು ಸರಿದು, ಮಡಚಿದ ಗಾಲಿಕುರ್ಚಿಯ ಪಕ್ಕದಿಂದ ಭಾವನ ತಲೆ ಎದ್ದಿತು. ಮೈತುಂಬ ಧೂಳು. ಎರಡೂ ಮುಷ್ಟಿಗೆ ತಂತಿ ಸುತ್ತಿಕೊಂಡು ಕಣ್ಣುಗುಡ್ಡೆ ಹೊರಗೆ ಬರುವ ಹಾಗೆ ಎಳೆದು ಹಿಡಿದಿದ್ದರು.

"ಭಾವಾ! ನೀವು... ಯಾವಾಗಿಂದ?"

"ಮನೆ ಬಿಟ್ಟಾಗಿಂದ. ಬೆಳಗ್ಗೆ ನೋಡ್ತೀನಿ, ಹಿಡಿಯ ಬೆಸುಗೆ ಬಿಟ್ಟೋಗಿದೆ. ಊರೆಲ್ಲ ನನ್ನ ಬೆಸುಗೆ ಹಂಗೆ ಹಿಂಗೆ ಅಂತ ಕೊಚ್ಚಿಕೊಂಡಿದ್ದೀನಿ. ನೀನು ಬೇರೆ ಇಸ್ತ್ರಿ ಷರಟು ಹಾಕ್ಕೊಂಡು ಮದುಮಗನ ಥರ ಕೂತುಬಿಟ್ಟಿದ್ದೆ. ಹೇಳೋಕೆ ಬಾಯಿ ಬರಲಿಲ್ಲ ಕಣೋ. ಬ್ರೇಕಿನ ತಂತಿ ಡಬ್ಬಿಯೊಳಗೆ ಎಳ್ಕೊಂಡಿದ್ದೆ. ಮೇಷ್ಟ್ರ ಉಪದೇಶದ ಹೊತ್ತಲ್ಲಿ ಹಿಂದಿನಿಂದ ಹತ್ತಿ, ಸಂದಿಯಲ್ಲಿ ಕಣ್ಣಿಟ್ಟು, ನೀನು ಕೂಗಿದಾಗೆಲ್ಲ ಹಿಡಿದೆ."

ಬ್ರೇಕಿಲ್ಲದ ಗಾಡಿಯಲ್ಲಿ ಅರ್ಧ ಊರು ದಾಟಿ ಬಂದೆನೇ ಎಂದು ಗಡಿಯಾರದವನು ಸೊಂಟದ ಬೆಲ್ಟನ್ನು ಈಗ ಇನ್ನಷ್ಟು ಬಿಗಿ ಮಾಡಿಕೊಂಡ.

ಆಕೆ ಎದೆ ಮೇಲೆ ಕೈಯಿಟ್ಟುಕೊಂಡು ಸಾವರಿಸಿಕೊಂಡಳು. "ನನ್ನ ಉತ್ತರ ಇವರೊಬ್ಬರಿಗೇ ಹೇಳೋದು. ನೀವು ಸ್ವಲ್ಪ ಇಳಿದು ಆ ಕಡೆ ಹೋಗಿ."

"ನಾನಿಳಿದ್ರೆ ಗಾಡೀನೂ ಇಳೀತದಮ್ಮ. ಇಳಿಜಾರು. ಗೇರಲ್ಲಿ ನಿಲ್ಲಿಸಿದ್ರೂ ಜಾರೋ ಮುದಿ ಗಾಡಿ ಇದು."

"ಹಾಗಾದ್ರೆ ಕಿವಿ ಮುಚ್ಕೊಳ್ಳಿ."

"ಮುಚ್ಕೊಳ್ಳೋಕೆ ಕೈ ಬೇಕಲ್ಲಮ್ಮಾ!"

ಆಕೆ ಒಂದು ಗಳಿಗೆ ಯೋಚಿಸಿದಳು. ನಗು ತಡೆಯುತ್ತಿದ್ದಳೋ ಅಳು ತಡೆಯುತ್ತಿದ್ದಳೋ ಗೊತ್ತಾಗಲಿಲ್ಲ. ಆಮೇಲೆ ಗಡಿಯಾರದವನ ಕಿವಿಯ ಹತ್ತಿರ ಬಗ್ಗಿದಳು. ಅವಳ ಉಸಿರು ಅವನ ಕೆನ್ನೆಗೆ ತಾಗಿತು. "ನಾನು..." ಅಂದಳು.

"ಬ್ರೇಕಿಲ್ಲಾ! ಹಿಡೀರಿ! ಬ್ರೇಕಿಲ್ಲಾ!"

ಇಳಿಜಾರಿನ ಕೆಳಗಿನಿಂದ ಬೇಕರಿಯವನು ಸೈಕಲ್ ತುಳಿಯುತ್ತ ಬರುತ್ತಿದ್ದ. ಹಿಂದಿನ ಕ್ಯಾರಿಯರಿನಲ್ಲಿ ಅಕ್ಕ. ಹಿಂದೆ ಏದುಸಿರು ಬಿಡುತ್ತ ಮೇಷ್ಟ್ರು, ಅವರ ಕೈಯಲ್ಲಿ ಮನೆ ಮುಂದೆ ಬಿದ್ದಿದ್ದ ಬೆಸುಗೆಯ ಚೂರು. ಕೂಗಿಗೆ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಪೊಲೀಸಿನವನು ಸೀಟಿ ಊದುತ್ತ ಬಂದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಜಾತ್ರೆಯಂಥ ಜನ.

"ಅಯ್ಯೋ ತಮ್ಮಾ, ಬದುಕಿದ್ದೀಯೇನೋ!" ಅಂತ ಅಕ್ಕ ಅವನನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿಸಿ ಪಕ್ಕಕ್ಕೆ ನೋಡಿದಳು. "ಇವರ್‍ಯಾಕೆ ನಿನ್ನ ಪಕ್ಕದಲ್ಲಿ ಕೂತಿದ್ದಾರೆ?"

"ಇವನು ಕೇಳಿಬಿಟ್ಟ ಕಣೇ, ಬಾಳ್ತೀರಾ ಅಂತ!" ಅಂದರು ಭಾವ, ಹಿಂದಿನಿಂದ, ಹೆಮ್ಮೆಯಿಂದ.

ಜನವೆಲ್ಲ ಉಸಿರೆಳೆದುಕೊಂಡು ಆಕೆಯ ಕಡೆ ತಿರುಗಿತು. "ಏನಂದ್ರು?" ಅಂದ ಪೊಲೀಸಿನವನು. ಆಕೆ ಟೇಪು ಎತ್ತಿಕೊಂಡು, ಇಳಿದು, ಗುಂಪಿನ ನಡುವೆ ದಾರಿ ಮಾಡಿಕೊಂಡು ಅಂಗಡಿಯೊಳಗೆ ಹೋಗಿ ಷಟರು ಎಳೆದಳು.

ಬೇಕರಿಯವನೂ ಪೊಲೀಸಿನವನೂ ಸೇರಿ ಚಕ್ರಗಳ ಕೆಳಗೆ ಕಲ್ಲು ಕೊಟ್ಟರು. ಭಾವ ತಂತಿ ಬಿಟ್ಟು ಡಬ್ಬಿಯಿಂದ ಇಳಿದು, ಕೆಂಪಾದ ಅಂಗೈಯನ್ನು ಊದಿಕೊಂಡರು. ಆಮೇಲೆ ಅವರಿಗೆ ಒಳ್ಳೇ ಬುದ್ಧಿ ಬಂತು. ಅಕ್ಕ, ಮೇಷ್ಟ್ರು, ಬೇಕರಿಯವನು, ಪೊಲೀಸಿನವನು, ಊರವರು, ಎಲ್ಲರನ್ನೂ ಕುರಿ ಅಟ್ಟುವ ಹಾಗೆ ರಸ್ತೆಯ ಆಚೆಬದಿಗೆ ಅಟ್ಟಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ತಾವೂ ನಿಂತು, ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ಅಲ್ಲಿಂದಲೇ ಕೂಗಿದರು:

"ಹೂಂ ಕಣೋ, ಈಗ ಆರಾಮಾಗಿ ಮಾತಾಡು! ಯಾರೂ ಕೇಳಿಸ್ಕೊಳ್ತಿಲ್ಲ!"

ಷಟರಿನ ಒಳಗಡೆಯಿಂದ ಚಿಲಕ ಹಾಕಿದ ಸದ್ದು ಬಂತು.