ಇಬ್ಬರು ಶಾಂತಾಬಾಯಿಯರು ಮತ್ತು ನಮ್ಮಣ್ಣನ ಷರತ್ತು

ನಮ್ಮಣ್ಣನಂಥ ಬುದ್ಧಿವಂತ ಇಡೀ ಬಸವಕಲ್ಯಾಣದಲ್ಲಿ ಇಲ್ಲ. ಆದರೆ ಅವನನ್ನು ಸಂತೆಗೆ ಕಳಿಸುವ ಧೈರ್ಯ ಮಾತ್ರ ಯಾರೂ ಮಾಡಬೇಡಿ! ಒಮ್ಮೆ ಅತ್ತಿಗೆ, "ಬದನಿಕಾಯಿ ಎಳೇವಿರಬೇಕು, ಹಸರಿರಬೇಕು, ಹುಳ ಇರಬಾರದು ನೋಡ್ರಿ" ಎಂದು ಹೇಳಿ ಕಳಿಸಿದರು. ಎರಡು ತಾಸಿನ ಮೇಲೆ ಖಾಲಿ ಚೀಲ ಹಿಡಿದು ಬಂದ.

"ಎರಡು ಷರತ್ತು ಕೂಡಿದ್ವು. ಮೂರನೇದು ಒಳಗಿಂದು. ಕೊಯ್ಯದ ಹ್ಯಾಂಗ ಹೇಳ್ಲಿ?"

ಅತ್ತಿಗೆ ಅಂದು ಬೇಳೆ ಕುದಿಸಿದರು.

ಅವನ ಕಸುಬೇ ಅದು. ಮನೆಯಲ್ಲಿ ಕೂತು ಹುಮನಾಬಾದಿನ ಒಂದು ದವಾಖಾನೆಗೆ ಪ್ರೋಗ್ರಾಂ ಬರೆಯುತ್ತಾನೆ. ಅದರಲ್ಲಿ ಒಬ್ಬೊಬ್ಬ ರೋಗಿಯೂ ಒಂದೊಂದು ಗಂಟು: ಹೆಸರು, ಊರು, ಮನೆ ನಂಬರು, ವಯಸ್ಸು, ಒಗ್ಗದ ಔಷಧಗಳ ಪಟ್ಟಿ. ತಪ್ಪು ಕಂಡರೆ ಡಿಬಗ್ಗರ್ ಹಚ್ಚಿ, ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಗಂಟು ಬಿಚ್ಚಿ ನೋಡುತ್ತಾನೆ. ಸಾವಿರಾರು ಗಂಟಿಗೂ ನಿಂತರೆ ಮುಗಿಯುವುದುಂಟೆ? ಅದಕ್ಕೇ 'ಇಂಥದ್ದು ಬಂದರೆ ಮಾತ್ರ ನಿಲ್ಲು' ಎಂಬ ಷರತ್ತು. ಕಂಡೀಷನಲ್ ಬ್ರೇಕ್‌ಪಾಯಿಂಟ್ ಅಂತಾನೆ.

ಮೊನ್ನೆ ದವಾಖಾನೆಯ ಸಿಸ್ಟರ್ ಫೋನ್ ಮಾಡಿದರು. "ಸರ್, ಕೊಹಿನೂರಿನ ಶಾಂತಾಬಾಯಿ ಅಂತ ಆರು ವರ್ಷದ ಹುಡುಗಿ ಬಂದಾಳ್ರಿ. ಪೆನ್ಸಿಲಿನ್ ಒಗ್ಗಂಗಿಲ್ಲಂತ ನಾನೇ ಹಾಕಿದ್ದೆ. ಈಗ ಕಂಪ್ಯೂಟರಿನ್ಯಾಗ ಇಲ್ಲೇ ಇಲ್ಲ. ನನಗ ನೆನಪಿತ್ತಂತ ಬಚಾವ್ ಆತ್ರಿ."

ಅಣ್ಣ ಸಿಸ್ಟರ್ ಬರೆದ ದಿನದ ಹಳೇ ದಾಖಲೆ ತೆಗೆದು, ಅದರ ಮೇಲೆ ಪ್ರೋಗ್ರಾಮನ್ನು ಮೊದಲಿಂದ ಓಡಿಸಿದ. ಹೆಸರಿನ ಷರತ್ತು ಹಾಕಿದ. ನಲವತ್ತು ಸಲ ನಿಂತಿತು. ನಮ್ಮ ಕಡೆ ಶಾಂತಾಬಾಯಿಯರಿಗೇನು ಬರವೆ? ಊರು ಸೇರಿಸಿದ, ಕೊಹಿನೂರಿನಲ್ಲೇ ಐವರು! ಕೊನೆಗೆ ವಯಸ್ಸು ಆರು, ಪಟ್ಟಿಯೊಳಗೆ ಪೆನ್ಸಿಲಿನ್ ಎಂದು ಗಂಟಿನ ಒಳಕ್ಕೇ ಕೈ ಹಾಕಿದ. ಹುಡುಗಿ ಸಿಕ್ಕಳು. ಒಂದು ಸಾಲು ಮುಂದೆ ನಡೆಸಿದರೆ, ಅವಳ ಪಟ್ಟಿ ಅಳಿಸಿಹೋಗಿ, ಅದೇ ಮನೆಯ ಅದೇ ಹೆಸರಿನ ಅವಳ ಅಜ್ಜಿಯ ಪಟ್ಟಿ ಬಂದು ಕೂತಿತು. ಹೆಸರೂ ಮನೆಯೂ ಒಂದೇ ಆದರೆ ಒಬ್ಬರೇ ಎಂದು ಪ್ರೋಗ್ರಾಮಿನಲ್ಲಿ ಬರೆದವನು ಇವನೇ.

"ಮೊಮ್ಮಗಳಿಗೆ ಅಜ್ಜಿ ಹೆಸರಿಡೂದು ನಿಮಗ ಗೊತ್ತಿಲ್ಲೇನ್ರಿ? ನಮ್ಮ ಮಗಳಿಗೂ ಅತ್ತೀದೇ ಹೆಸರದಲ್ಲ" ಎಂದರು ಅತ್ತಿಗೆ.

"ಮಗಳನ್ನ ನಾ ಎಂದರ ಹೆಸರ ಹಿಡದು ಕರದೀನೇನು? ಅವ್ವ ಅಂತೀನಿ."

ಅದೂ ಖರೆ. ಹಡೆದವಳ ಹೆಸರು ಹಿಡಿದು ಕರೆಯಲು ಯಾರಿಗೆ ಬಾಯಿ ಬರುತ್ತದೆ?

ತಪ್ಪು ತಿದ್ದಿದ. ಪರೀಕ್ಷೆಗೆಂದು ಎರಡು ಗಂಟು ತಾನೇ ಕಟ್ಟಿದ: ಒಂದು ನಮ್ಮವ್ವನದು, ಒಂದು ಮಗಳದು. ಓಡಿಸಿದ. ಇಬ್ಬರ ಪಟ್ಟಿಗಳೂ ಬೇರೆ ಬೇರೆಯಾಗಿಯೇ ಉಳಿದವು. ಕೊಹಿನೂರಿನ ಹುಡುಗಿಯ ಪಟ್ಟಿಯಲ್ಲಿ ಪೆನ್ಸಿಲಿನ್ ಕಾಣುತ್ತಿದೆ ಎಂದು ಸಿಸ್ಟರ್ ಬಾಯಿಂದ ಕೇಳಿದ ಮೇಲೆಯೇ ಚಹಾ ಕುಡಿಯಲು ಎದ್ದ.

ನಾನು ಪರದೆ ನೋಡಿದೆ. ಅವ್ವ ತೀರಿಕೊಂಡಾಗ ಅರವತ್ತೆಂಟು. ಹೋಗಿ ನಾಲ್ಕು ವರ್ಷವಾಯಿತು. ವಯಸ್ಸಿನ ಜಾಗದಲ್ಲಿ ಅಣ್ಣ ಎಪ್ಪತ್ತೆರಡು ಎಂದು ಬರೆದಿದ್ದ. ಅವನ ತಪ್ಪು ಹಿಡಿಯುವುದೆಂದರೆ ನನಗೆ ಹಬ್ಬ. ಇದೊಂದನ್ನು ಹಾಗೇ ಬಿಟ್ಟೆ.