ಜಗಲಿ ಪಕ್ಕದ ಸ್ವಿಚ್ಚು

ಬೆಳಕು ಹರಿಯುವ ಮುನ್ನ ನೇತ್ರಾವತಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದು, ನಳ ಬಂತೆಂದು ಮೋಟರು ಹಚ್ಚಿ, ರೊಟ್ಟಿಗೆ ಎಸರಿಟ್ಟು, ಪುಂಡಿಪಲ್ಯ ಸೋಸಿ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿ, ಗಂಡನ ಅಂಗಿಗೆ ಇಸ್ತ್ರಿ ಮಾಡಿ ಮುಗಿಸಿರುತ್ತಿದ್ದಳು. (ಗಂಡ ಕಾಶಿನಾಥ ಇದಿಷ್ಟನ್ನೂ ಸೇರಿಸಿ ‘ಮನ್ಯಾಗ ಇರ್ತಾಳ’ ಎನ್ನುತ್ತಿದ್ದ.) ಇದಕ್ಕೆಲ್ಲ ಅವಳು ತನಗೆ ತಾನೇ ದಯಪಾಲಿಸಿಕೊಂಡಿದ್ದ ಪ್ರಶಸ್ತಿ ಒಂದೇ: ಹೀಟರು ಇಟ್ಟು ಕಾಯಿಸಿದ ಒಂದು ಬಕೀಟು ಬಿಸಿನೀರು.

ಆದರೆ ಹೀಟರಿನ ಪ್ಲಗ್ಗು ಬಚ್ಚಲ ಬಳಿಯಿದ್ದರೂ ಕರೆಂಟಿನ ಬೋರ್ಡು ಕಾಶಿನಾಥನ ಮಂಚದ ತಲೆದೆಸೆಯಲ್ಲಿತ್ತು. ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಕಂಬಳಿಯೊಳಗಿಂದ ಕೈಯೊಂದು ಉದ್ಭವಿಸಿ ಹೀಟರು ಆರಿಸುತ್ತಿತ್ತು. ಅವನ ಜಳಕದ ಹೊತ್ತಿಗೆ ಮಾತ್ರ ಆ ಕೈಗೆ ಗಾಢನಿದ್ದೆ.

ಹೀಗಿರುವಾಗ ಕೊಪ್ಪಳದ ಅವರ ಓಣಿಗೆ ಹೊಸ ವಿದ್ಯುತ್ ಸುರಕ್ಷತಾ ನಿಯಮ ಬಂತು. ಹಳೆಯ ಬೋರ್ಡು ಕಿತ್ತು, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು ಹಾಕಿಸಬೇಕು. ಅದೂ ಒಣ ಗೋಡೆಯಲ್ಲಿ, ಕೈಗೆಟುಕುವಂತೆ. ನೇತ್ರಾವತಿಯ ತಲೆಯಲ್ಲಿ ದಿವ್ಯ ಉಪಾಯವೊಂದು ಹೊಳೆಯಿತು. ಜಳಕವಿಲ್ಲದೆ ದೇವರ ಜಗಲಿಯ ಹತ್ತಿರ ಯಾರೂ ಸುಳಿಯಬಾರದೆಂಬುದು ಅತ್ತೆ ಮುದುಕವ್ವನ ಕಟ್ಟಪ್ಪಣೆ. ಕಾಶಿನಾಥನೋ ಆಫೀಸಿಗೆ ತಡವಾದ ಮೇಲೆಯೇ ಜಳಕ ಮಾಡುವವನು.

“ಜಗಲಿ ಬಾಜೂಕ ಹಾಕ್ರಿ, ಮೆಹಬೂಬಸಾಬ. ಗ್ವಾಡಿ ಒಣಗೈತಿ,” ಎಂದಳು ಎಲೆಕ್ಟ್ರಿಷಿಯನ್‌ಗೆ.

“ದೇವರ ಹಂತೇಕ?” ಎಂದ ಕಾಶಿನಾಥ.

“ಕರೆಂಟಿಗಿಂತ ದೊಡ್ಡ ದೇವರು ಯಾವುದೈತೋ ಈಗ?” ಎಂದಳು ಮುದುಕವ್ವ. ಮರುದಿನವೇ ಸ್ವಿಚ್ಚಿಗೂ ವಿಭೂತಿ ಹಚ್ಚಿದಳು.

ಅದೇ ದಿನ ಮೋಟರು ಹಚ್ಚುತ್ತಲೇ ಟಪ್ಪೆಂದು ಮನೆಯೆಲ್ಲ ಕತ್ತಲು. ಮೆಹಬೂಬಸಾಬ ಬಂದು ನೋಡಿದ.

“ಮೋಟರ್ ವೈರ್ ಸೋರಾಕತ್ತೈತ್ರಿ. ನಳ ಮುಟ್ಟಿದ್ರ ಕೈ ಜುಮ್ ಅಂತಿರಲಿಲ್ಲೇನ್ರಿ, ಅಕ್ಕಾರ?”

“ಅಂತಿತ್ತು. ಇವರು ನಿನಗ ಅಶಕ್ತಿ, ಖರ್ಜೂರ ತಿನ್ನು ಅಂದ್ರು.”

“ತಂದು ಕೊಟ್ಟಿದ್ನಲ್ಲ,” ಎಂದ ಕಾಶಿನಾಥ.

“ಅರ್ಧ ಪಾಕೀಟು ನೀವ ತಿಂದ್ರಿ.”

ಮೋಟರು ರಿಪೇರಿಯಾಯಿತು. ಆಮೇಲೆ ಮಿಕ್ಸರಿನ ಸರದಿ, ಬಳಿಕ ಫ್ರಿಜ್ಜು. ಮದುವೆಯಲ್ಲಿ ಬಂದ ವಸ್ತುಗಳೆಲ್ಲ ಒಂದೊಂದಾಗಿ ತಮ್ಮ ಗುಟ್ಟು ಬಿಟ್ಟುಕೊಟ್ಟವು. ಪ್ರತಿಸಲ ಕತ್ತಲಲ್ಲಿ ಮುದುಕವ್ವನ ದನಿ: “ಜಳಕಾ ಆದವ್ರು ಎತ್ರಿ.”

ನಸುಕಿನಲ್ಲಿ ಜಳಕ ಮಾಡುವ ಪ್ರಾಣಿ ಆ ಮನೆಯಲ್ಲಿ ಒಂದೇ. ಸ್ವಿಚ್ಚು ಎತ್ತಲು ಜಳಕವಾಗಬೇಕು, ಜಳಕಕ್ಕೆ ಬಿಸಿನೀರು ಬೇಕು, ಬಿಸಿನೀರಿಗೆ ಸ್ವಿಚ್ಚು ಎತ್ತಬೇಕು. ಗಂಡನನ್ನು ಹೊರಗಿಡಲು ಕೋಟೆ ಕಟ್ಟಿದ ಮಹಾರಾಣಿ ತಾನೇ ಹೊರಗುಳಿದಿದ್ದಳು. ಡಿಸೆಂಬರಿನ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಅವಳು ಎತ್ತಿದ ಕರೆಂಟಿನಲ್ಲಿ ಕಾಶಿನಾಥ ಹಾಯಾಗಿ ಬಿಸಿನೀರು ಮೀಯುತ್ತಿದ್ದ.

ಆ ವಾರ ಮುದುಕವ್ವ ಮಗಳ ಮನೆಗೆಂದು ಕುಷ್ಟಗಿಗೆ ಹೋದಳು. ಮರುದಿನ ನಸುಕಿನಲ್ಲಿ ಗಂಡನ ಅಂಗಿಯ ಮೇಲೆ ಇಸ್ತ್ರಿ ಇಡುತ್ತಲೇ ಟಪ್! ನೇತ್ರಾವತಿಗೆ ನಗು ಬಂತು. ಕೇಳುವವರಿಲ್ಲ, ನೋಡುವವರಿಲ್ಲ. ಧೈರ್ಯವಾಗಿ ಜಗಲಿಯ ಮುಂದೆ ನಿಂತು ಕೈ ಚಾಚಿದಳು.

ಕೈ ಮುಂದೆ ಹೋಗಲೊಲ್ಲದು.

ಓಣಿಯ ಹೆಂಗಸರಿಗೆಲ್ಲ ‘ಮಡಿ-ಗಿಡಿ ನಾ ನಂಬಂಗಿಲ್ರಿ’ ಎಂದು ಭಾಷಣ ಬಿಗಿದಿದ್ದ ಹೆಣ್ಣುಮಗಳು ಕತ್ತಲಲ್ಲಿ ಕಂಬದಂತೆ ನಿಂತಳು. ಕುಷ್ಟಗಿಗೆ ಹೋದ ಅತ್ತೆ ಹೋಗುವಾಗ ತನ್ನನ್ನು ಸೊಸೆಯೊಳಗೇ ಇಟ್ಟುಹೋಗಿದ್ದಳು.

“ಏನಾತ ಅಲ್ಲಿ?” ಒಳಗಿನಿಂದ ಕಂಬಳಿ ಕೇಳಿತು.

“ಏನೂ ಇಲ್ಲ, ಮಲಕ್ಕೊರಿ.”

ಅವಳು ಬಚ್ಚಲಿಗೆ ಹೋಗಿ ತಣ್ಣೀರಿನ ತಂಬಿಗೆ ಎತ್ತಿ, ಒಂದು ಕ್ಷಣ ಯೋಚಿಸಿ, ಬಲಗೈಗಷ್ಟೇ ಮೊಣಕೈವರೆಗೆ ಸಾಂಗವಾಗಿ ಜಳಕ ಮಾಡಿಸಿದಳು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದಲ್ಲ, ಕರೆಂಟಿನ ನಿಯಮಕ್ಕೂ ಮರ್ಯಾದೆ ಇರಲೆಂದು ಒಗೆದ ಟವೆಲಿನಿಂದ ಒಂದೊಂದೇ ಬೆರಳು ಒರೆಸಿದಳು. ಜಳಕವಾಗದ ಉಳಿದ ನೇತ್ರಾವತಿಯನ್ನು ಆದಷ್ಟು ದೂರ ನಿಲ್ಲಿಸಿ, ಆ ಒಂದು ಕೈಯನ್ನು ಮಾತ್ರ ಮುಂದೆ ಕಳಿಸಲು ಸಿದ್ಧಳಾದಳು.

ಅದಕ್ಕೂ ಮೊದಲು, ಸ್ವಿಚ್ಚು ಮತ್ತೆ ಬೀಳದಂತೆ, ಒಂದು ಪ್ಲಗ್ಗು ಕೀಳಬೇಕಿತ್ತು. ಇಸ್ತ್ರಿಯದನ್ನು ಕಿತ್ತಳು. ಹೀಟರಿನದು ಹಾಗೇ ಇತ್ತು. ಅಂಗಿ ಮುದ್ದೆಯಾಗಿ ಬಿದ್ದಲ್ಲೇ ಬಿದ್ದಿತ್ತು.