ಯುರೋಪ್ ನೋಡದ ಕುಕ್ಕರ್

ಟೂರ್ ಏಜೆಂಟ್ ಮನೋಹರ್ ಆ ಒಂದು ಮಾತು ಆಡದೇ ಇದ್ದಿದ್ದರೆ ಹೊಸಪೇಟೆಯ ಹರಿಪ್ರಿಯಾಳ ಮನೆ ತಣ್ಣಗಿರುತ್ತಿತ್ತು.

"ಎಲ್ಲಾರ್ನೂ ಒಂದೇ ಬಸ್ಸಿನಾಗ ತುಂಬೋ ಟೂರ್ ಅಲ್ರಿ ಇದು. ನಿಮಗೇನ್ ಇಷ್ಟ ಹೇಳ್ರಿ, ಅದಕ್ಕ ತಕ್ಕಂಗ ಯುರೋಪ್ ತೋರಿಸ್ತೀನಿ," ಎಂದುಬಿಟ್ಟ ಪುಣ್ಯಾತ್ಮ.

ಅಂದಿನಿಂದ ಮನೆಯಲ್ಲಿ ಇಷ್ಟಗಳ ಸುಗ್ಗಿ. ಗಂಡ ಗೋಪೀನಾಥ ತುಂಗಭದ್ರಾ ಡ್ಯಾಂನ ಕಾಲುವೆ ಕಚೇರಿಯಲ್ಲಿ ಎಂಜಿನಿಯರ್. ವರ್ಷವಿಡೀ ತೂಬು, ಹೂಳು ಎಂದು ಗೊಣಗುವ ಈ ಮನುಷ್ಯ ಅಷ್ಟು ದೂರ ಹೋಗಿ ನೋಡಬೇಕೆಂದದ್ದು ಹಾಲೆಂಡಿನ ಕಾಲುವೆಗಳನ್ನು! ಮಗಳು ಅರ್ಚಿತಾಳಿಗೆ ಪ್ಯಾರಿಸ್ ಬೇಕು. ಪ್ಯಾರಿಸ್ಸಿಗಿಂತ ಅದರ ಮುಂದೆ ನಿಂತ ತನ್ನ ಫೋಟೋ ಬೇಕು. ಅತ್ತೆ ಕೃಷ್ಣಾಬಾಯಿಯವರು ರೈನ್ ನದಿಯಲ್ಲಿ ಸಂಕಲ್ಪಪೂರ್ವಕ ಮುಳುಗೇಳಬೇಕೆಂದರು. (ಆ ನದಿ ಹಿಮದಿಂದ ಈಗಷ್ಟೇ ಇಳಿದು ಬಂದಿರುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.)

"ಮೇಡಂ, ನಿಮಗೇನ್ ಇಷ್ಟ ರೀ?" ಎಂದ ಮನೋಹರ್.

ಹರಿಪ್ರಿಯಾ ತಬ್ಬಿಬ್ಬಾದಳು. ಮದುವೆಯಾದಾಗಿನಿಂದ ಯಾರೂ ಕೇಳಿರದ ಪ್ರಶ್ನೆ. "ಬೆಳಿಗ್ಗೆ ಎದ್ದ ಕೂಡ್ಲೇ ಯಾರರೇ ಒಂದು ಲೋಟ ಕಾಫಿ ಕೈಗೆ ತಂದುಕೊಟ್ರ ಸಾಕ್ರಿ. ಯಾವ ದೇಶ ಆದ್ರೂ ನಡೀತದ."

ಎಲ್ಲರೂ ಜೋಕು ಕೇಳಿದಂತೆ ನಕ್ಕರು. "ಹೋಟೆಲ್ ಅಂದ್ಮ್ಯಾಲ ಅದೇನ್ ದೊಡ್ಡದ್ರೀ?" ಎಂದ ಮನೋಹರ್. ಆಗ ಅತ್ತೆ ಗಂಟಲು ಸರಿಮಾಡಿಕೊಂಡರು. "ಹೋಟ್ಲ ಊಟ ನನಗ ಆಗೂದಿಲ್ಲಪಾ. ಉಳ್ಳಾಗಡ್ಡಿ ಹಾಕಿದ್ದು ನಾ ಮುಟ್ಟೂದಿಲ್ಲ."

"ಚಿಂತಿ ಬ್ಯಾಡ್ರೀ ಅಮ್ಮ. ಅಡಗಿಮನಿ ಇರೋ ಮನೀನೇ ಬಾಡಿಗಿಗೆ ಸಿಗ್ತದ, ಎಲ್ಲಾ ಊರಾಗೂ!"

"ಮಸ್ತ್ ಆತು! ಹ್ಯಾಂಗೂ ಹರಿಪ್ರಿಯಾ ಇದ್ದಾಳಲ್ಲಾ," ಎಂದು ಗೋಪೀನಾಥ ತೊಡೆ ತಟ್ಟಿದ. ಸಂಜೆಗೆ ಒಂದು ಪುಟ್ಟ ಕುಕ್ಕರನ್ನೂ ತಂದ. "ನಿನಗಂತನs ತಂದೀನಿ. ಸೂಟ್‌ಕೇಸಿನಾಗ ಸರಿಯಾಗಿ ಕೂಡ್ತದ."

ಹರಿಪ್ರಿಯಾಳಿಗೆ ಯುರೋಪ್ ಖಂಡವೇ ಕಣ್ಣಮುಂದೆ ಬಂತು. ಹಾಲೆಂಡಿನಲ್ಲಿ ಹುಗ್ಗಿ, ಪ್ಯಾರಿಸ್ಸಿನಲ್ಲಿ ಸಾರು, ಸ್ವಿಟ್ಜರ್ಲೆಂಡಿನಲ್ಲಿ ಕಿಟಕಿಯಾಚೆ ಹಿಮಪರ್ವತ, ಕಿಟಕಿಯೀಚೆ ತಿಕ್ಕಬೇಕಾದ ಪಾತ್ರೆಗಳ ಪರ್ವತ. ಆಗಲೇ ಅವಳಿಗೊಂದು ದಿವ್ಯ ಉಪಾಯ ಹೊಳೆಯಿತು. ಇವರೆಲ್ಲ ಹೋಗಲಿ, ತಾನು ಉಳಿಯಲಿ! ಖಾಲಿ ಮನೆ, ಮೇಲೆ ಫ್ಯಾನು, ಕೆಳಗೆ ಚಾಪೆ. ಹಸಿವಾದರೆ ಗೊಜ್ಜವಲಕ್ಕಿ.

ಟಿಕೆಟ್ ಆದ ಮರುದಿನವೇ ಮೆಟ್ಟಿಲಿಳಿಯುತ್ತ "ಅಯ್ಯೋ ವೆಂಕಟರಮಣಾ!" ಎಂದು ಮಂಡಿ ಹಿಡಿದು ಕುಸಿದಳು.

"ನೀವೆಲ್ಲಾ ಹೋಗಿ ಬರ್ರಿ. ನನ್ನ ಸಲುವಾಗಿ ನಿಲ್ಲಬ್ಯಾಡ್ರಿ," ಎಂದಳು ತ್ಯಾಗಮಯಿಯ ಸ್ವರದಲ್ಲಿ.

ಗೋಪೀನಾಥನ ಕಣ್ಣು ತುಂಬಿ ಬಂತು. ಅವನು ಕೆಟ್ಟ ಗಂಡನಲ್ಲ, ಅದೇ ತೊಂದರೆಯಾದದ್ದು. "ನಿನ್ನ ಬಿಟ್ಟು ಹೋಗೋದಾ? ಅಂಥಾ ಯುರೋಪ್ ನಮಗ ಬ್ಯಾಡ!" ಎಂದವನೇ ಫೋನ್ ಎತ್ತಿ ಎಲ್ಲ ರದ್ದು ಮಾಡಿಸಿದ.

ರಜೆ ಮಾತ್ರ ರದ್ದಾಗಲಿಲ್ಲ. ಹೆಂಡತಿಯ ಮನಸ್ಸಿಗೆ ಬೇಸರವಾಗಬಾರದೆಂದು ಅವನು ಊರ ಸುತ್ತಲಿನ ಪ್ರವಾಸ ಹೂಡಿದ. ಇವತ್ತು ಹಂಪಿ, ನಾಳೆ ಸಂಡೂರು. "ನೀ ನಡೀಬ್ಯಾಡ, ಕಾರಿನಾಗ ಸುಮ್ನ ಕುಂದ್ರು. ದಾರಿಗೆ ಒಂದೀಟು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡ್ರ ಆತು!" ಕೋಳಿ ಕೂಗುವ ಮೊದಲೇ ಎದ್ದು ಒಗ್ಗರಣೆ ಹಾಕುವುದರ ಜೊತೆಗೆ ಈಗ ಅವಳು ಕುಂಟಲೂಬೇಕಿತ್ತು.

ಸಂಡೂರಿಗೆ ಹೊರಟ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಿನ್ನೆ ಎಡಗಾಲು ಕುಂಟ್ತಿದ್ದಿ. ಇವತ್ತು ಬಲಗಾಲು."

ಹರಿಪ್ರಿಯಾಳ ಕೈಯಲ್ಲಿ ಸೌಟು ನಿಂತಿತು.

"ಇನ್ನೊಂದೀಟು ತಡಕೊಂಡಿದ್ರ ಏನಾಗ್ತಿತ್ತವ್ವಾ?" ಕೃಷ್ಣಾಬಾಯಿಯವರು ನಿಟ್ಟುಸಿರಿಟ್ಟರು. "ಆ ಥಂಡಿ ದೇಶಕ್ಕ ಈ ವಯಸ್ಸಿನಾಗ ನಾ ಬರ್ತಿದ್ನೇನು? ನಾ ಮೊದಲs ಒಲ್ಲೆ ಅಂದಿದ್ರ ಗೋಪಿ ಹೊರಡ್ತಿರ್ಲಿಲ್ಲ. ಕಂಪ್ಲಿಯಿಂದ ನನ್ನ ತಂಗಿ ನನ್ನ ಜೋಡಿ ಇರಾಕ ಬಂದು ಕೂತ ಮ್ಯಾಲ, ತಲಿ ತಿರುಗ್ತದ ಅಂತ ಮಲಗೋಳಾಕಿ ಇದ್ದೆ. ನಾ ಇಲ್ಲಂದ್ರ ನಿಮಗ ಅಲ್ಲಿ ಅಡಗಿಮನಿ ಯಾಕ ಬೇಕಿತ್ತು? ಆರಾಮ ಹೋಟ್ಲಾಗ ಇರ್ತಿದ್ರಿ. ನನಗೂ ಮನ್ಯಾಗ ಶಾಂತಿ ಇರ್ತಿತ್ತು."

ಹರಿಪ್ರಿಯಾಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಹೊರಗೆ ಗೋಪೀನಾಥ ಹಾರ್ನ್ ಒತ್ತುತ್ತಿದ್ದ. "ಜಲ್ದಿ ಬರ್ರಿ, ಬಿಸಿಲು ಏರ್ತದ!"

ಅವಳು ಮೊಸರನ್ನದ ಡಬ್ಬಿ ಎತ್ತಿಕೊಂಡು ಕುಂಟುತ್ತ ಹೊಸ್ತಿಲು ದಾಟಿದಳು.

"ಎಡಗಾಲವ್ವಾ, ಎಡಗಾಲು!" ಎಂದು ಹಿಂದಿನಿಂದ ಅತ್ತೆ ಮೆಲ್ಲಗೆ ಪಿಸುಗುಟ್ಟಿದರು.